ಅಂಗೈ ಮೇಲಿನ ಕಾರು ಅಂಗಳಕ್ಕಿಳಿದಾಗ

ದೊಡ್ಡ ಕಾರನ್ನು ನೋಡಿ ಪುಟ್ಟ ಕಾರು ಮಾಡುವುದು ಆಟಿಕೆ ತಯಾರಕರ ವಾಡಿಕೆ. ಬೀದಿಯಲ್ಲಿ ಕಂಡದ್ದು ಅಂಗೈಯಲ್ಲಿ ಸಿಕ್ಕರೆ ಮಗುವಿಗೂ ಸಂತೋಷ. ಆದರೆ ಈ ನಂಟು ತಿರುವುಮುರುವಾದ ಪ್ರಸಂಗಗಳೂ ಉಂಟು. ಮೊದಲು ಆಟಿಕೆ ಹುಟ್ಟಿ, ಆಮೇಲೆ ಅದೇ ರೂಪದಲ್ಲಿ ಮನುಷ್ಯ ಕುಳಿತು ಓಡಿಸಬಲ್ಲ ಕಾರು ಬಂದ ಪ್ರಸಂಗಗಳು ಇವು. ಅಮೆರಿಕದ 'ಟ್ವಿನ್ ಮಿಲ್' ಅವುಗಳಲ್ಲಿ ಹೆಸರುವಾಸಿ. ಸುಮಾರು ಮೂರು ಅಂಗುಲದ ಆ ಆಟಿಕೆ ನಿಜವಾದ ಕಾರಾಗಲು 32 ವರ್ಷ ಹಿಡಿಯಿತು.

ಬಾರ್ಬಿ ಬೊಂಬೆಯಿಂದ ಪ್ರಸಿದ್ಧವಾದ ಕ್ಯಾಲಿಫೋರ್ನಿಯಾದ ಮ್ಯಾಟೆಲ್ ಕಂಪೆನಿ 1968ರಲ್ಲಿ 'ಹಾಟ್ ವೀಲ್ಸ್' ಎಂಬ ಹೆಸರಿನಲ್ಲಿ 16 ಪುಟ್ಟ ಕಾರುಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಅದುವರೆಗೆ ಈ ಕ್ಷೇತ್ರದಲ್ಲಿ ಬ್ರಿಟನ್ನಿನ 'ಮ್ಯಾಚ್‌ಬಾಕ್ಸ್' ಕಾರುಗಳದೇ ಮೇಲುಗೈ. ಅವು ಬೀದಿಯ ಕಾರುಗಳ ನಿಷ್ಠಾವಂತ ನಕಲುಗಳು. ಮ್ಯಾಟೆಲ್ ಸ್ಥಾಪಕರಲ್ಲೊಬ್ಬರಾದ ಎಲಿಯಟ್ ಹ್ಯಾಂಡ್ಲರ್ ಅವರಿಗೆ ಬೇಕಿದ್ದದ್ದು ವೇಗ ಮತ್ತು ಬೆಡಗು. ಹಾಗಾಗಿ ಚಕ್ರಗಳು ಸರಾಗವಾಗಿ ಉರುಳುವಂತಾಯಿತು, ಮೈಗೆ ಥಳಥಳ ಹೊಳೆಯುವ ಬಣ್ಣ ಬಂತು. ವಿನ್ಯಾಸಕ್ಕೆ ನಿಜವಾದ ಕಾರು ಕಂಪೆನಿಗಳಲ್ಲಿ ದುಡಿದವರನ್ನೇ ಕರೆತರಲಾಯಿತು. ಮೊದಲು ಬಂದವರು ಜನರಲ್ ಮೋಟಾರ್ಸ್‌ನ ಹ್ಯಾರಿ ಬ್ರ್ಯಾಡ್ಲಿ. ಅವರ ಹಿಂದೆಯೇ ಬಂದವರು ಕ್ರೈಸ್ಲರ್ ಬಿಟ್ಟು ಬಂದಿದ್ದ ಐರಾ ಗಿಲ್‌ಫರ್ಡ್.

ಕಾರಿನ ಕಾರ್ಖಾನೆಯಲ್ಲಿ ವಿನ್ಯಾಸಕಾರನ ಕೈ ಕಟ್ಟುವ ಸಂಗತಿಗಳು ನೂರಾರು. ಖರ್ಚು, ಎಂಜಿನಿಯರನ ತಕರಾರು, 1966ರಲ್ಲಿ ಅಮೆರಿಕದಲ್ಲಿ ಬಂದ ವಾಹನ ಸುರಕ್ಷತಾ ಕಾಯಿದೆ, ಹೀಗೆ. ಆಟಿಕೆಗೆ ಇವಾವುದರ ಹಂಗೂ ಇಲ್ಲ. 1969ರಲ್ಲಿ ಗಿಲ್‌ಫರ್ಡ್ ಒಂದಲ್ಲ, ಎರಡು ಎಂಜಿನ್‌ಗಳನ್ನು ಮುಂಭಾಗದಲ್ಲಿ ಅಕ್ಕಪಕ್ಕ ಕೂರಿಸಿ, ಅವು ಮೈಯಿಂದ ಎದ್ದು ಕಾಣುವಂತೆ ಕಾರೊಂದನ್ನು ಬರೆದರು. ಅದೇ ಟ್ವಿನ್ ಮಿಲ್. ಯಾವ ಬೀದಿಯಲ್ಲೂ ಇಲ್ಲದ ಆ ಕಾರು ಮಕ್ಕಳ ಮನಸ್ಸಿನಲ್ಲಿ ನಿಂತುಬಿಟ್ಟಿತು.

ಲೆಕ್ಕ ಕೇಳುವ ನಿಸರ್ಗ

ಆಟಿಕೆಯನ್ನು ಹಿಗ್ಗಿಸಿದರೆ ಕಾರಾಗದೇ ಎಂದು ಕೇಳಬಹುದು. ಆಗುವುದಿಲ್ಲ. ಈ ಆಟಿಕೆಗಳು ನಿಜವಾದ ಕಾರಿನ ಸುಮಾರು 64ರಲ್ಲಿ ಒಂದು ಪಾಲು ಉದ್ದದವು. ಉದ್ದ, ಅಗಲ, ಎತ್ತರ ಮೂರನ್ನೂ 64 ಪಟ್ಟು ಮಾಡಿದರೆ ಗಾತ್ರವೂ ತೂಕವೂ 64 ಪಟ್ಟಲ್ಲ, 2,62,144 ಪಟ್ಟು ಹೆಚ್ಚುತ್ತವೆ. 40 ಗ್ರಾಂ ತೂಗುವ ಲೋಹದ ಆಟಿಕೆಯನ್ನು ಇದ್ದ ಹಾಗೆಯೇ ಬೆಳೆಸಿದರೆ ಹತ್ತು ಟನ್ನಿಗೂ ಮೀರಿದ ಮುದ್ದೆಯಾದೀತು! ಮೇಜಿನಿಂದ ಬಿದ್ದರೂ ಮುಕ್ಕಾಗದ ಪುಟ್ಟ ಕಾರಿನ ಗಟ್ಟಿತನ ದೊಡ್ಡದಕ್ಕೆ ತಾನಾಗಿ ಬರುವುದಿಲ್ಲ.

ಆಟಿಕೆಗೆ ಚಾಲಕನೂ ಬೇಕಿಲ್ಲ. ಅದರ ಎಂಜಿನ್ ಬಿಸಿಯಾಗುವುದಿಲ್ಲ, ಪೆಟ್ರೋಲ್ ಕುಡಿಯುವುದಿಲ್ಲ. ದೊಡ್ಡದಾದೊಡನೆ ಪ್ರಶ್ನೆಗಳು ಸಾಲುಗಟ್ಟುತ್ತವೆ. ಎರಡು ಎಂಜಿನ್‌ಗಳ ಕಾವನ್ನು ತಣಿಸುವುದು ಹೇಗೆ? ಸ್ಟಿಯರಿಂಗ್ ಕಂಬಿಗೆ ಜಾಗವೆಲ್ಲಿ? ಎದುರಿಗೆ ಯಂತ್ರಗಳು ಎದ್ದು ನಿಂತರೆ ಹಿಂದೆ ಕುಳಿತವನಿಗೆ ರಸ್ತೆ ಕಂಡೀತೇ? ಅಡ್ಡವಾದದ್ದನ್ನು ತೆಗೆದುಹಾಕೋಣವೆಂದರೆ ಅದು ಟ್ವಿನ್ ಮಿಲ್ ಆಗಿ ಉಳಿಯುವುದಿಲ್ಲ. ಕಷ್ಟವಿರುವುದು ಇಲ್ಲೇ.

ಹಾಟ್ ವೀಲ್ಸ್‌ಗೆ 30 ವರ್ಷ ತುಂಬುವ ಹೊತ್ತಿಗೆ ಟ್ವಿನ್ ಮಿಲ್ ಅನ್ನು ನಿಜವಾಗಿಸುವ ಕೆಲಸ ಬಾಯ್ಡ್ ಕಾಡಿಂಗ್‌ಟನ್ ಅವರ ಪಾಲಿಗೆ ಬಂತು. ಹಳೆಯ ಕಾರುಗಳನ್ನು ಬಿಚ್ಚಿ, ಬಲವಾದ ಎಂಜಿನ್ ಕೂಡಿಸಿ, ಹೊಸ ಮೈ ಕೊಡುವುದರಲ್ಲಿ ಕ್ಯಾಲಿಫೋರ್ನಿಯಾದ ಈತ ಎತ್ತಿದ ಕೈ. ಆದರೆ ಕಾರು ಅರ್ಧದಲ್ಲಿರುವಾಗಲೇ ಅವರ ಉದ್ಯಮ ದಿವಾಳಿಯೆದ್ದಿತು. ಮ್ಯಾಟೆಲ್ ಅರೆಬರೆ ಕಾರನ್ನು ಬಿಡಿಸಿಕೊಂಡು ಓಹಾಯೊದ ಬ್ಯಾರಿ ಲೋಬೆಕ್ ಅವರ ಕೈಗಿತ್ತಿತು. 2001ರಲ್ಲಿ, ಲಾಸ್ ವೇಗಸ್‌ನಲ್ಲಿ ನಡೆಯುವ ವಾಹನೋದ್ಯಮದ 'ಸೀಮಾ' ಪ್ರದರ್ಶನದಲ್ಲಿ ಅದು ಜನರೆದುರು ನಿಂತಿತು. ತಲಾ 502 ಘನ ಅಂಗುಲ, ಅಂದರೆ ಎಂಟು ಲೀಟರಿಗೂ ಮಿಗಿಲಾದ ಎರಡು ಷೆವ್ರೊಲೆ ಎಂಜಿನ್‌ಗಳು. ಒಟ್ಟು ಸುಮಾರು 1,400 ಅಶ್ವಶಕ್ತಿ. ಅದು ಚಾಲೂ ಆಗುವ, ಓಡುವ ಕಾರು. ದಿನಬಳಕೆಗೆ ಮಾತ್ರ ಅಲ್ಲ.

ಹೋಗಿ ಬಂದ ನಂಟು

ಬ್ರ್ಯಾಡ್ಲಿಯವರ 'ಡಿಯೋರಾ'ದ ಕಥೆ ಇನ್ನೂ ಸ್ವಾರಸ್ಯದ್ದು. ಅವರ ವಿನ್ಯಾಸದಂತೆ ಡೆಟ್ರಾಯ್ಟ್‌ನ ಅಲೆಕ್ಸಾಂಡರ್ ಸೋದರರು ಡಾಡ್ಜ್ ಪಿಕಪ್ ಒಂದನ್ನು ಮಾರ್ಪಡಿಸಿ ಕಟ್ಟಿದ ನಿಜವಾದ ವಾಹನವದು. 1968ರ ಮೊದಲ 16 ಆಟಿಕೆಗಳಲ್ಲಿ ಅದೂ ಒಂದಾಯಿತು. ಆ ಆಟಿಕೆಯ ಸ್ಫೂರ್ತಿಯಿಂದ ಮುಂದೆ 'ಡಿಯೋರಾ 2' ಎಂಬ ಇನ್ನೊಂದು ಆಟಿಕೆ ಬಂತು. 2003ರಲ್ಲಿ, ಹಾಟ್ ವೀಲ್ಸ್‌ನ 35ನೇ ವರ್ಷಕ್ಕೆ, ಆ ಎರಡನೆಯದು ಪೂರ್ಣ ಗಾತ್ರದಲ್ಲಿ ತಯಾರಾಯಿತು. ಕಾರಿನಿಂದ ಆಟಿಕೆ, ಆಟಿಕೆಯಿಂದ ಆಟಿಕೆ, ಮತ್ತೆ ಕಾರು!

ಡೆನ್ಮಾರ್ಕಿನ ಲೆಗೊ ಕಂಪೆನಿ ಹಿಡಿದದ್ದು ಬೇರೆ ದಾರಿ. 2018ರಲ್ಲಿ ಅದು ಬುಗಾಟಿ ಷಿರಾನ್ ಕಾರನ್ನು ಪೂರ್ಣ ಗಾತ್ರದಲ್ಲಿ ತನ್ನ ಪ್ಲಾಸ್ಟಿಕ್ ಬಿಡಿಭಾಗಗಳಿಂದಲೇ ಜೋಡಿಸಿತು. ಹತ್ತು ಲಕ್ಷಕ್ಕೂ ಹೆಚ್ಚು ತುಂಡುಗಳು, ಅಂಟಿನ ಬಳಕೆಯಿಲ್ಲ. ಆಟಿಕೆಯ 2,304 ಮೋಟಾರುಗಳು ಒಟ್ಟುಗೂಡಿ ಕೊಟ್ಟದ್ದು 5.3 ಅಶ್ವಶಕ್ತಿ. ನಿಜವಾದ ಷಿರಾನ್‌ನದು 1,500! ಆದರೂ ಒಂದೂವರೆ ಟನ್ ತೂಕದ ಆ ಕಾರು ಚಾಲಕನನ್ನು ಹೊತ್ತು ಗಂಟೆಗೆ 20 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡಿತು. ಆದರೆ ಒಳಗೆ ಉಕ್ಕಿನ ಚೌಕಟ್ಟು, ಕೆಳಗೆ ಬುಗಾಟಿಯದೇ ಚಕ್ರಗಳು ಬೇಕಾದವು. ಭಾರ ಹೊರುವ ಕಡೆ ಆಟಿಕೆ ಕೈಚೆಲ್ಲಿತು.

ಇಂಥ ಕಾರುಗಳಿಂದ ಉಪಯೋಗವೇನು? ಹಾಗೆ ನೋಡಿದರೆ ಏನೂ ಇಲ್ಲ. ಇವುಗಳಿಂದ ಕಂಪೆನಿಗೆ ಪ್ರಚಾರ ಸಿಗುವುದೂ ನಿಜ. ಆದರೂ ಕಾರ್ಖಾನೆ ಬಿಟ್ಟು ಬಂದ ವಿನ್ಯಾಸಕಾರನೊಬ್ಬ ಮಕ್ಕಳಿಗಾಗಿ ಬರೆದ ಚಿತ್ರಕ್ಕೆ, ಮೂರು ದಶಕಗಳ ಮೇಲೆ ಅನುಭವಿ ಕುಶಲಕರ್ಮಿಗಳು ಜೀವ ಕೊಟ್ಟರು. ಎರಡು ಎಂಜಿನ್ ಇಟ್ಟದ್ದು ತಪ್ಪೆಂದು ತಿದ್ದದೆ, ಅದನ್ನು ಹಾಗೆಯೇ ಉಳಿಸಿಕೊಳ್ಳಲು ಹೆಣಗಿದರು. ಮಗುವಿನ ಆಟಕ್ಕೆ ದೊಡ್ಡವರು ಕೊಟ್ಟ ಗೌರವವೆಂದರೆ ಇದೇ ಇರಬೇಕು.