ಡಿಕೋಡರ್‌ನ ಸ್ಥಿತಿ ಎಲ್ಲಿರಬೇಕು? ಲಿನಕ್ಸ್ ಕರ್ನಲ್‌ನ ವಿಡಿಯೊ ಡ್ರೈವರ್‌ಗಳ ಏಕರೂಪತೆ ಕುರಿತು

ಆಂಡ್ರಾಯ್ಡ್‌ನ ಎಚ್.264 ಮಾದರಿಯ ಸಂಕುಚಿತ ವಿಡಿಯೊವನ್ನು ಬಿಡಿಸುವ ಸಾಫ್ಟ್‌ವೇರ್ ಡಿಕೋಡರ್ ‘ಲಿಬ್‌ಎವಿಸಿ’ಯ ಮೂಲಸಂಕೇತವನ್ನು ತೆರೆದರೆ ಕಡತಗಳ ತಲೆಬರಹದಲ್ಲೇ ಬೆಂಗಳೂರಿನ ಹೆಸರು ಸಿಗುತ್ತದೆ. 2001ರಲ್ಲಿ ಅಲ್ಲಿ ಆರಂಭವಾದ ಇಟಿಯಮ್ ಸಿಸ್ಟಮ್ಸ್ ಅದನ್ನು ಬರೆದು ಮುಕ್ತವಾಗಿ ಕೊಟ್ಟಿತು. ಸಿಪಿಯುವನ್ನೇ ನಂಬಿದ ಇಂಥ ಡಿಕೋಡರ್ ಬಗೆಬಗೆಯ ಚಿಪ್‌ಗಳ ಮೇಲೆ ಓಡುತ್ತದೆ, ನಿಜ. ಆದರೆ ಸಾಧನ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಅದಕ್ಕೆಂದೇ ಚಿಪ್‌ನೊಳಗೆ ಪ್ರತ್ಯೇಕ ಡಿಕೋಡರ್ ಯಂತ್ರಾಂಶ ಇಡುತ್ತಾರೆ. ತೊಡಕಿರುವುದು ಅದನ್ನು ತಲುಪುವ ದಾರಿಯಲ್ಲಿ.

ಆರ್ಮ್ ಚಿಪ್‌ಗಳ ತಯಾರಕರಲ್ಲಿ ಅನೇಕರು ಬಹುಕಾಲ ತಮ್ಮತಮ್ಮದೇ ಡ್ರೈವರ್ ಕೊಟ್ಟರು. ಅವು ಕರ್ನಲ್‌ನ ಯಾವುದೋ ಒಂದು ಆವೃತ್ತಿಗೆ ಕಟ್ಟುಬಿದ್ದಿದ್ದವು. ತಯಾರಕರು ಕೈಬಿಟ್ಟ ಮೇಲೆ ಕರ್ನಲ್ ಮುಂದೆ ಹೋಯಿತು, ಡ್ರೈವರ್ ಅಲ್ಲೇ ಉಳಿಯಿತು. ಮಂಡ್ಯದ ಗುತ್ತಲಿನಂಥ ಕಡೆ ಕೊಂಡ ಸಾಧನವನ್ನು ಕೆಡುವವರೆಗೂ ಬಳಸುವ ಮನೆಗಳಿಗೆ ಇದು ನೇರ ನಷ್ಟ: ಗಟ್ಟಿಯಾಗಿರುವ ಡಿಕೋಡರ್ ಚಿಪ್‌ನೊಳಗೇ ಕೆಲಸವಿಲ್ಲದೆ ಕೂರುತ್ತದೆ.

ಇದಕ್ಕೆ ಪರಿಹಾರ, ವಿಡಿಯೊ ಸಾಧನಗಳಿಗೆಲ್ಲ ಕರ್ನಲ್‌ನಲ್ಲೇ ಒಂದೇ ಬಗೆಯ ಕರೆಗಳು. ಅಂಥ ಕರೆಗಳ ಕಟ್ಟಾಗಿ 2002ರಲ್ಲಿ ಕರ್ನಲ್ ಸೇರಿದ ‘ವಿ4ಎಲ್2’ ಕ್ಯಾಮೆರಾ, ಟಿವಿ ಕಾರ್ಡುಗಳಿಗೆಂದು ಹುಟ್ಟಿದ್ದು. ಒಂದು ಸಾಲಿನಲ್ಲಿ ಸಂಕುಚಿತ ದತ್ತಾಂಶ ಹಾಕಿ ಇನ್ನೊಂದರಿಂದ ಚಿತ್ರ ಪಡೆಯುವ ವ್ಯವಸ್ಥೆ ಅದಕ್ಕೆ 2010ರಲ್ಲಿ ಬಂತು. 2012ರ 3.3 ಆವೃತ್ತಿಯಲ್ಲಿ ಬಂದ ‘ಡಿಎಂಎ-ಬಫ್’ ಆ ಚಿತ್ರಗಳನ್ನು ನಕಲಿಸದೆಯೇ ಪರದೆಗೆ ದಾಟಿಸಲು ಹಾದಿ ಮಾಡಿತು. ಅದರ ಕರ್ತೃ ಸುಮಿತ್ ಸೆಮ್ವಾಲ್. 1920×1080ರ ಒಂದು ಚಿತ್ರ ಸುಮಾರು 31 ಲಕ್ಷ ಬೈಟ್. ಸೆಕೆಂಡಿಗೆ 30 ಚಿತ್ರಗಳನ್ನು ನಕಲಿಸುವ ಹೊರೆ ತಪ್ಪುವುದು ಸಣ್ಣ ಲಾಭವಲ್ಲ.

ನನ್ನ ವಾದ ಇಷ್ಟು: ಕರೆಗಳ ಹೆಸರು ಒಂದೇ ಆದರೆ ಸಾಲದು, ಡಿಕೋಡಿಂಗ್‌ನ ಸ್ಥಿತಿ, ಅಂದರೆ ಮುಂದಿನ ಚಿತ್ರ ಬಿಡಿಸಲು ಹಿಂದಿನವುಗಳಿಂದ ನೆನಪಿಡಬೇಕಾದ ವಿವರ, ಯಾರ ಬಳಿ ಇದೆ ಎಂಬುದೂ ತೀರ್ಮಾನವಾಗಬೇಕು. ಕ್ವಾಲ್‌ಕಾಮ್‌ನ ವೀನಸ್‌ನಂಥ ಯಂತ್ರಾಂಶದಲ್ಲಿ ಅದು ಫರ್ಮ್‌ವೇರ್‌ನೊಳಗಿರುತ್ತದೆ. ಅಪ್ಲಿಕೇಶನ್ ಬರೆಯುವವರಿಗೆ ಇದೇ ಸುಲಭ; ಆದರೆ ಫರ್ಮ್‌ವೇರ್ ತಪ್ಪಿದರೆ ತಯಾರಕರ ಹೊರತು ಬೇರೆಯವರು ತಿದ್ದಲಾರರು. ಆಲ್‌ವಿನ್ನರ್‌ನ ‘ಸೀಡ್ರಸ್’ ಡ್ರೈವರ್ ಸ್ಥಿತಿರಹಿತ ಬಗೆಯದು: ಸ್ಥಿತಿಯನ್ನು ಯಂತ್ರಾಂಶವಲ್ಲ, ಅಪ್ಲಿಕೇಶನ್ ಇಟ್ಟುಕೊಳ್ಳುತ್ತದೆ. 2018ರ ಡಿಸೆಂಬರಿನ 4.20 ಆವೃತ್ತಿ ಈ ಬಗೆಗೆ ಬುನಾದಿ ಹಾಕಿತು, 2021ರ 5.11ರಲ್ಲಿ ಎಚ್.264ಕ್ಕೆ ಕರ್ನಲ್ ಮತ್ತು ಅಪ್ಲಿಕೇಶನ್ ನಡುವಿನ ಒಪ್ಪಂದ ಸ್ಥಿರವಾಯಿತು. ಇಲ್ಲಿ ದತ್ತಾಂಶದ ತಲೆಬರಹಗಳನ್ನು ಓದುವುದು ಅಪ್ಲಿಕೇಶನ್ನೇ. ಹಿಂದಿನ ಯಾವ ಚಿತ್ರಗಳನ್ನು ಆಧಾರವಾಗಿ ಹಿಡಿಯಬೇಕೆಂದು 16 ನಮೂದುಗಳ ಪಟ್ಟಿಯಲ್ಲಿ ಪ್ರತಿ ಸಲವೂ ಹೇಳುತ್ತದೆ. ಒಂದೊಂದು ಚಿತ್ರಕ್ಕೂ ಅದರ ಕಾಲಮುದ್ರೆಯೇ ಗುರುತು. ಭಾರಿ ಲೆಕ್ಕವಷ್ಟೇ ಯಂತ್ರಾಂಶದ ಪಾಲು. ತಪ್ಪು ಎಲ್ಲೇ ಆಗಲಿ, ಹುಡುಕಲು ಬಹುಪಾಲು ಮೂಲಸಂಕೇತ ಕಣ್ಣೆದುರಿಗಿರುತ್ತದೆ. ಹಳೆಯ ಸಾಧನ ಬಾಳಬೇಕಾದರೆ ಈ ಬಗೆಯೇ ಮೇಲು.

ಕಲಿಯಲು ವಿಶೇಷ ಚಿಪ್ ಬೇಕಿಲ್ಲ. ಕರ್ನಲ್‌ನಲ್ಲೇ ‘ವಿಸ್ಲ್’ ಎಂಬ ಕೃತಕ ಡಿಕೋಡರ್ ಇದೆ. ಅದು ವಿಡಿಯೊ ಬಿಡಿಸುವುದಿಲ್ಲ; ತನಗೆ ಬಂದ ಕೋರಿಕೆಯ ವಿವರಗಳನ್ನು ಚಿತ್ರದ ಮೇಲೆಯೇ ಅಚ್ಚೊತ್ತಿ ಮರಳಿಸುತ್ತದೆ. 1962ರಿಂದ ಮಂಡ್ಯದಲ್ಲಿರುವ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜಿನಂಥ ಕಡೆ, ಸಾಧಾರಣ ಕಂಪ್ಯೂಟರ್‌ನಲ್ಲಿ ವಿದ್ಯಾರ್ಥಿಗಳು ಅದರಿಂದಲೇ ಆಧಾರಚಿತ್ರಗಳ ಪಟ್ಟಿಯ ತಪ್ಪುಗಳನ್ನು ಪತ್ತೆ ಹಚ್ಚಿ, ತಿದ್ದುಪಡಿಗಳನ್ನು ಆ ಪಟ್ಟಿ ಕಟ್ಟುವ ಮುಕ್ತ ಅಪ್ಲಿಕೇಶನ್‌ಗಳಿಗೆ ಕಳಿಸಬಹುದು.