ಉಯಿಲು ಹೇಳದ ಭೂಮಿ: ಇಂಗ್ಲೆಂಡಿನ ನಕಲು ಹಿಡುವಳಿದಾರರ ದಾಖಲೆಗಳನ್ನು ಓದುವ ಬಗೆ

ಷೇಕ್ಸ್‌ಪಿಯರ್ ತನ್ನ ಉಯಿಲಿನಲ್ಲಿ ಹೆಂಡತಿಗೆ ಮನೆಯ ಎರಡನೆಯ ಉತ್ತಮ ಮಂಚವನ್ನು ಬಿಟ್ಟುಹೋದ ಸಂಗತಿ ಸಾಹಿತ್ಯ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಸಾಲುಗಳ ನಡುವೆ ಸೇರಿಸಿದ ಆ ಒಂದು ವಾಕ್ಯವನ್ನು ಹಿಡಿದು ಅವನ ದಾಂಪತ್ಯದ ಬಗೆಗೆ ಎಷ್ಟೋ ಊಹೆಗಳು ಬೆಳೆದಿವೆ. ಅದೇ ಉಯಿಲಿನ ಇನ್ನೊಂದು ಷರತ್ತಿಗೆ ಅಷ್ಟು ಗಮನ ಸಂದಿಲ್ಲ. 1616ರ ಮಾರ್ಚ್ 25ರ ದಿನಾಂಕವುಳ್ಳ ಈ ಪತ್ರದಲ್ಲಿ ಕವಿ ತನ್ನ ಕಿರಿಯ ಮಗಳು ಜುಡಿತ್‌ಗೆ 150 ಪೌಂಡುಗಳನ್ನು ಕೊಡುತ್ತಾನೆ. ಅದರಲ್ಲಿ 100 ಪೌಂಡು ಅವಳ ಮದುವೆಯ ಬಾಬ್ತು. ಉಳಿದ 50 ಪೌಂಡು ಅವಳ ಕೈಸೇರಬೇಕಾದರೆ, ರೋವಿಂಗ್‌ಟನ್ ಮ್ಯಾನರಿಗೆ ಸೇರಿದ ಸ್ಟ್ರಾಟ್‌ಫರ್ಡ್‌ನ ಒಂದು ಹಿಡುವಳಿಯಲ್ಲಿ ತನಗಿರುವ ಅಥವಾ ಮುಂದೆ ಬರಬಹುದಾದ ಹಕ್ಕನ್ನೆಲ್ಲ ಅವಳು ಅಕ್ಕ ಸುಸಾನಳಿಗೆ ಬಿಟ್ಟುಕೊಡಬೇಕು. ನ್ಯೂ ಪ್ಲೇಸ್‌ನಂತಹ ದೊಡ್ಡ ಮನೆಯನ್ನೂ ಹಲವು ಜಮೀನುಗಳನ್ನೂ ಒಂದೇ ಮಾತಿನಲ್ಲಿ ಸುಸಾನಳಿಗೆ ಬರೆದುಕೊಟ್ಟವನು ಈ ಒಂದು ಸಣ್ಣ ಆಸ್ತಿಯ ವಿಷಯದಲ್ಲಿ ಮಾತ್ರ ಹಣ ತೆತ್ತು ಹಕ್ಕನ್ನು ಬಿಡಿಸಬೇಕಾಗಿ ಬಂದದ್ದೇಕೆ? ಈ ಪ್ರಶ್ನೆಗೆ ಉತ್ತರ ಉಯಿಲಿನೊಳಗಿಲ್ಲ. ಅದನ್ನು ಮ್ಯಾನರ್ ನ್ಯಾಯಸಭೆಯ ಕಡತಗಳಲ್ಲಿ ಅರಸಬೇಕು.

ಮ್ಯಾನರ್ ಎಂದರೆ ಒಬ್ಬ ಒಡೆಯನ ಅಧಿಕಾರಕ್ಕೆ ಒಳಪಟ್ಟ ಭೂಘಟಕ. ಅದರ ಒಡೆಯ ಅರಸನಾಗಿರಬಹುದು, ಮಠವಾಗಿರಬಹುದು, ಶ್ರೀಮಂತ ಕುಟುಂಬವಾಗಿರಬಹುದು. ಅಲ್ಲಿ ಸ್ವತಂತ್ರ ಹಿಡುವಳಿದಾರರ ಜೊತೆಗೆ, ಒಂದು ಕಾಲಕ್ಕೆ ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಮೆಗೆ ಕಟ್ಟುಬಿದ್ದಿದ್ದ ಒಕ್ಕಲುಗಳೂ ಇದ್ದರು. ಈ ಎರಡನೆಯ ವರ್ಗದ ಭೂಮಿಯಿಂದ ಬೆಳೆದು ಬಂದುದೇ ಕಾಪಿಹೋಲ್ಡ್, ಅಂದರೆ ನಕಲು ಹಿಡುವಳಿ. ಒಕ್ಕಲು ಭೂಮಿಯನ್ನು ಪಡೆದಾಗ ಅದು ಮ್ಯಾನರ್ ನ್ಯಾಯಸಭೆಯ ಸುರುಳಿಯಲ್ಲಿ ದಾಖಲಾಗುತ್ತಿತ್ತು. ಆ ದಾಖಲೆಯ ನಕಲೊಂದೇ ಅವನ ಕೈಯಲ್ಲಿ ಉಳಿಯುವ ಹಕ್ಕುಪತ್ರ. ಹೆಸರು ಬಂದುದೂ ಅದರಿಂದಲೇ. ಹದಿನೈದನೆಯ ಶತಮಾನದ ನ್ಯಾಯವೇತ್ತ ಲಿಟಲ್‌ಟನ್ ಈ ಹಿಡುವಳಿಯನ್ನು ವಿವರಿಸುವಾಗ, ಇಂಥವರಿಗೆ ಸುರುಳಿಯ ನಕಲಿನ ಹೊರತು ಬೇರೆ ಆಧಾರವಿಲ್ಲವೆಂಬುದನ್ನು ಗುರುತಿಸಿದ್ದಾನೆ. ಸಿದ್ಧಾಂತದಲ್ಲಿ ಒಕ್ಕಲು ಭೂಮಿಯನ್ನು ಹಿಡಿದಿದ್ದುದು ಒಡೆಯನ ಇಚ್ಛೆಯಂತೆ. ಆದರೆ ಆ ಇಚ್ಛೆ ಮ್ಯಾನರಿನ ವಾಡಿಕೆಗೆ ಬದ್ಧವಾಗಿರಬೇಕಿತ್ತು. ಕಾಲಕ್ರಮದಲ್ಲಿ ಇಚ್ಛೆ ಸೊರಗಿ ವಾಡಿಕೆಯೇ ಬಲವಾಯಿತು. ಹದಿನಾರನೆಯ ಶತಮಾನದ ಹೊತ್ತಿಗೆ ಅರಸನ ನ್ಯಾಯಾಲಯಗಳೂ ಈ ಹಕ್ಕಿಗೆ ರಕ್ಷಣೆ ನೀಡತೊಡಗಿದ್ದವು.

ಇಂಥ ಭೂಮಿಯ ಹಸ್ತಾಂತರಕ್ಕೆ ತನ್ನದೇ ಆದ ವಿಧಿಯಿತ್ತು. ಮಾರುವವನು ಕೊಳ್ಳುವವನಿಗೆ ಭೂಮಿಯನ್ನು ನೇರವಾಗಿ ಕೊಡುವಂತಿರಲಿಲ್ಲ. ಅವನು ನ್ಯಾಯಸಭೆಯಲ್ಲಿ ಪಾರುಪತ್ಯಗಾರನ ಎದುರು, ಅನೇಕ ಕಡೆ ಒಂದು ಕೋಲನ್ನು ಹಸ್ತಾಂತರಿಸುವ ಮೂಲಕ, ಇಂಥವರ ಉಪಯೋಗಕ್ಕಾಗಿ ಎಂದು ಹೇಳಿ ಭೂಮಿಯನ್ನು ಒಡೆಯನಿಗೆ ಒಪ್ಪಿಸುತ್ತಿದ್ದ. ಬಳಿಕ ಹೊಸಬನು ಕಾಣಿಕೆ ಸಲ್ಲಿಸಿ, ಸುರುಳಿಯಲ್ಲಿ ಹೆಸರು ಬರೆಸಿಕೊಂಡು ಪ್ರವೇಶ ಪಡೆಯುತ್ತಿದ್ದ. ಒಕ್ಕಲು ತೀರಿಕೊಂಡರೆ ಮುಂದಿನ ಸಭೆಯಲ್ಲಿ ಪಂಚರು ಆ ಸಾವನ್ನು ವರದಿ ಮಾಡಿ ವಾರಸುದಾರ ಯಾರೆಂಬುದನ್ನು ಹೇಳುತ್ತಿದ್ದರು. ಹಲವು ಮ್ಯಾನರುಗಳಲ್ಲಿ ಮೃತನ ಅತ್ಯುತ್ತಮ ಪಶುವೊಂದು ಒಡೆಯನ ಪಾಲಾಗುತ್ತಿತ್ತು. ವಿವಾಹಿತ ಸ್ತ್ರೀಯ ಹಕ್ಕನ್ನು ಬಿಡಿಸಬೇಕಾದಾಗ, ಆಕೆಯ ಸಮ್ಮತಿ ಗಂಡನ ಒತ್ತಾಯದಿಂದ ಬಂದುದಲ್ಲವೆಂದು ತಿಳಿಯಲು ಪಾರುಪತ್ಯಗಾರನು ಅವಳನ್ನು ಪ್ರತ್ಯೇಕವಾಗಿ ವಿಚಾರಿಸಿದ ಉಲ್ಲೇಖಗಳೂ ಈ ಸುರುಳಿಗಳಲ್ಲಿ ದೊರೆಯುತ್ತವೆ.

ಉಯಿಲಿಗೂ ಈ ಭೂಮಿಗೂ ಇದ್ದ ಸಂಬಂಧವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಎಂಟನೆಯ ಹೆನ್ರಿಯ ಕಾಲದ 1540ರ ಶಾಸನವು ಸ್ವತಂತ್ರ ಹಿಡುವಳಿಯ ಭೂಮಿಯನ್ನು ಉಯಿಲಿನ ಮೂಲಕ ಕೊಡುವ ಅಧಿಕಾರವನ್ನು ಬಹುಮಟ್ಟಿಗೆ ನೀಡಿತು. ನಕಲು ಹಿಡುವಳಿ ಅದರ ವ್ಯಾಪ್ತಿಗೆ ಬರಲಿಲ್ಲ. ಅದನ್ನು ತನ್ನ ಇಷ್ಟದವರಿಗೆ ಕೊಡಬೇಕೆಂದಿದ್ದ ಒಕ್ಕಲು ಬದುಕಿರುವಾಗಲೇ ತನ್ನ ಉಯಿಲಿನ ಉಪಯೋಗಕ್ಕೆಂದು ಭೂಮಿಯನ್ನು ಒಡೆಯನಿಗೆ ಒಪ್ಪಿಸಿರಬೇಕಿತ್ತು. ಸಾವು ಹತ್ತಿರ ಬಂದಿದ್ದರೆ, ಅನೇಕ ಮ್ಯಾನರುಗಳಲ್ಲಿ, ಹಾಸಿಗೆಯ ಪಕ್ಕದಲ್ಲಿಯೇ ಸಹ ಒಕ್ಕಲುಗಳ ಕೈಗೆ ಒಪ್ಪಿಸಿ ಮುಂದಿನ ಸಭೆಗೆ ತಿಳಿಸುವ ಅವಕಾಶವೂ ಇತ್ತು. ಹಾಗೆ ಒಪ್ಪಿಸದಿದ್ದರೆ ಭೂಮಿ ವಾಡಿಕೆಯಂತೆ ವಾರಸುದಾರನಿಗೆ ಹೋಗುತ್ತಿತ್ತು. ಈ ಪೂರ್ವಭಾವಿ ಒಪ್ಪಿಸುವಿಕೆಯ ಅಗತ್ಯವನ್ನು 1815ರ ಕಾಯಿದೆ ತೆಗೆದುಹಾಕಿತು. 1837ರ ಉಯಿಲು ಕಾಯಿದೆ ಎಲ್ಲ ಬಗೆಯ ಆಸ್ತಿಯನ್ನೂ ಒಂದೇ ಚೌಕಟ್ಟಿಗೆ ತಂದಿತು.

ಹೀಗಾಗಿ ಅದಕ್ಕೂ ಹಿಂದಿನ ಶತಮಾನಗಳಲ್ಲಿ ಒಬ್ಬ ಒಕ್ಕಲಿನ ಸಾವು ಎರಡು ಕಡೆ ದಾಖಲಾಗುತ್ತಿತ್ತು. ಉಯಿಲು ಚರ್ಚಿನ ನ್ಯಾಯಾಲಯಕ್ಕೆ ಹೋಗುತ್ತಿತ್ತು. 1858ರವರೆಗೆ ಉಯಿಲುಗಳನ್ನು ಸ್ಥಿರೀಕರಿಸುವ ಅಧಿಕಾರ ಮುಖ್ಯವಾಗಿ ಅಂಥ ನ್ಯಾಯಾಲಯಗಳದಾಗಿತ್ತು. ಭೂಮಿಯ ಮಾತು ಮ್ಯಾನರಿನ ಸಭೆಯಲ್ಲಿ ಇತ್ಯರ್ಥವಾಗುತ್ತಿತ್ತು. ಒಂದರಲ್ಲಿ ಹಸು, ಕುರಿ, ಹಿತ್ತಾಳೆಯ ಪಾತ್ರೆ, ಹಾಸಿಗೆ, ಹೊದಿಕೆ, ಹಣ. ಇನ್ನೊಂದರಲ್ಲಿ ಮನೆ ಮತ್ತು ಹೊಲ. ಉಯಿಲೊಂದನ್ನೇ ಓದಿದವರಿಗೆ ಕುಟುಂಬದ ಚಿತ್ರ ತಲೆಕೆಳಗಾಗಿ ಕಾಣುವ ಅಪಾಯವಿದೆ. ಹಿರಿಯ ಮಗನಿಗೆ ಒಂದೇ ಶಿಲಿಂಗು, ಉಳಿದ ಮಕ್ಕಳಿಗೆ ಕೈತುಂಬ ಹಣ ಎಂದಿದ್ದರೆ, ತಂದೆ ಹಿರಿಯನ ಮೇಲೆ ಮುನಿದಿದ್ದನೆಂದು ಭಾವಿಸುವುದು ಸಹಜ. ವಸ್ತುತಃ ಆ ಹಿರಿಯನಿಗೆ ಹೊಲವೆಲ್ಲ ವಾಡಿಕೆಯಿಂದ ಸಲ್ಲುವುದೆಂದು ತಂದೆಗೆ ಗೊತ್ತಿದ್ದು, ಭೂಮಿ ಸಿಗದ ಮಕ್ಕಳಿಗಾಗಿಯೇ ಅವನು ಉಯಿಲು ಬರೆಸಿರಬಹುದು. ಕಿರಿಯ ಮಗನೇ ವಾರಸುದಾರನಾಗುವ ವಾಡಿಕೆಯಿದ್ದ ಮ್ಯಾನರುಗಳೂ ಇದ್ದವು. ಅಲ್ಲಿ ಇದೇ ತರ್ಕವನ್ನು ತಿರುಗಿಸಿ ಓದಬೇಕು. ವಿಧವೆಯ ವಿಷಯವೂ ಹಾಗೆಯೇ. ಗಂಡನ ನಕಲು ಹಿಡುವಳಿಯ ಒಂದು ಭಾಗವನ್ನೋ ಪೂರ್ತಿಯನ್ನೋ ಅವಳು ಜೀವಿತಾವಧಿಗೆ, ಕೆಲವೆಡೆ ಮರುಮದುವೆಯಾಗುವವರೆಗೆ, ಅನುಭವಿಸುವ ಹಕ್ಕನ್ನು ಹಲವು ಮ್ಯಾನರುಗಳ ವಾಡಿಕೆ ಕೊಟ್ಟಿತ್ತು. ಆ ಹಕ್ಕು ಉಯಿಲಿನ ಕೊಡುಗೆಯಲ್ಲ, ಆದ್ದರಿಂದ ಅದು ಉಯಿಲಿನಲ್ಲಿ ಕಾಣಬೇಕಾದ ಅವಶ್ಯಕತೆಯೂ ಇಲ್ಲ.

ಈಗ ರೋವಿಂಗ್‌ಟನ್ ಷರತ್ತಿಗೆ ಮರಳಬಹುದು. 1602ರ ಸೆಪ್ಟೆಂಬರ್ 28ರಂದು ಆ ಮ್ಯಾನರಿನ ಸಭೆಯಲ್ಲಿ ವಾಲ್ಟರ್ ಗೆಟ್ಲಿ ಎಂಬವನು ನ್ಯೂ ಪ್ಲೇಸ್‌ನ ಸಮೀಪದ ಚಾಪೆಲ್ ಲೇನಿನ ಒಂದು ಗುಡಿಸಲನ್ನು ಷೇಕ್ಸ್‌ಪಿಯರನ ಉಪಯೋಗಕ್ಕೆಂದು ಒಪ್ಪಿಸಿದ. 1604ರ ಮೋಜಣಿಯ ಪ್ರಕಾರ ಅದು ಕಾಲು ಎಕರೆಯಷ್ಟು ತೋಟವಿದ್ದ ಹಿಡುವಳಿ. ವಾರ್ಷಿಕ ಗೇಣಿ 2 ಶಿಲಿಂಗು 6 ಪೆನ್ಸು. ಉಯಿಲು ಬರೆಸುವಾಗ ಕವಿಯ ಮುಂದಿದ್ದ ತೊಡಕು ಇಲ್ಲಿಂದ ಸ್ಪಷ್ಟವಾಗುತ್ತದೆ. ಏಕೈಕ ಮಗ ಹ್ಯಾಮ್ನೆಟ್ 1596ರಲ್ಲಿಯೇ ತೀರಿಕೊಂಡಿದ್ದ. ಉಳಿದವರು ಇಬ್ಬರು ಹೆಣ್ಣುಮಕ್ಕಳು. ಸ್ವತಂತ್ರ ಆಸ್ತಿಯನ್ನು ಸುಸಾನಳಿಗೆ ಬರೆದಿಡುವುದಕ್ಕೆ ಅಡ್ಡಿಯಿರಲಿಲ್ಲ. ನಕಲು ಹಿಡುವಳಿಯನ್ನು ಮಾತ್ರ ಉಯಿಲಿನ ಮಾತು ತಾನಾಗಿಯೇ ಮುಟ್ಟಲಾರದು. ಜುಡಿತ್‌ಗೂ ಅದರಲ್ಲಿ ಹಕ್ಕು ಬರಬಹುದೆಂಬ ಶಂಕೆ ಷರತ್ತಿನ ಮಾತುಗಳಲ್ಲಿಯೇ ಇದೆ. ಆ ಹಕ್ಕನ್ನು ಅವಳೇ ಒಪ್ಪಿಸಬೇಕು. ಒಪ್ಪಿಸುವಂತೆ ಮಾಡಲು ತಂದೆಯ ಕೈಯಲ್ಲಿದ್ದ ಸಾಧನ ಹಣವೊಂದೇ. ಉಯಿಲನ್ನು ಮಾತ್ರ ಓದಿದರೆ ಈ 50 ಪೌಂಡು ಕಿರಿಯ ಮಗಳ ಮೇಲಿನ ಅಪನಂಬಿಕೆಯ ಗುರುತಿನಂತೆ ತೋರುತ್ತದೆ. ಹಿಡುವಳಿಯ ನಿಯಮವನ್ನು ಜೊತೆಗಿಟ್ಟು ಓದಿದರೆ ಅದು ಉಯಿಲಿಗೆ ಒಳಪಡದ ಭೂಮಿಯನ್ನು ಉಯಿಲಿನ ಮೂಲಕವೇ ಸಾಗಿಸುವ ಉಪಾಯ.

ಮ್ಯಾನರಿನ ಸುರುಳಿಗಳೂ ಪೂರ್ಣ ಸತ್ಯವನ್ನು ಹೇಳುವುದಿಲ್ಲವೆಂಬ ಎಚ್ಚರ ಸಂಶೋಧಕರಿಗೆ ಅಗತ್ಯ. ಅವು ಹುಟ್ಟಿದ್ದು ಒಡೆಯನ ಕಾಣಿಕೆ, ದಂಡ, ಗೇಣಿಗಳ ಲೆಕ್ಕಕ್ಕಾಗಿ. ಹೆಸರು ಬರೆಸಿಕೊಂಡವನೇ ಹೊಲವನ್ನು ಉಳುತ್ತಿದ್ದನೆಂದು ಹೇಳಲಾಗದು. ಒಳಗೇಣಿಗೆ ಹಿಡಿದವರು ಬಹುಪಾಲು ಈ ದಾಖಲೆಗಳ ಹೊರಗೇ ಉಳಿದರು. 1650ರ ದಶಕದ ಗಣರಾಜ್ಯದ ಅವಧಿಯನ್ನು ಬಿಟ್ಟರೆ 1733ರವರೆಗೂ ಅವುಗಳ ಭಾಷೆ ಲ್ಯಾಟಿನ್; ಒಕ್ಕಲು ಆಡಿದ ಮಾತು ಗುಮಾಸ್ತನ ಸೂತ್ರಬದ್ಧ ಲ್ಯಾಟಿನ್ನಿನಲ್ಲಿ ಕರಗಿಹೋಗುತ್ತಿತ್ತು. ಉಯಿಲಿನ ಇಂಗ್ಲಿಷು ಅದಕ್ಕಿಂತ ಆಪ್ತವೆನಿಸಿದರೂ ಅಲ್ಲಿಯೂ ನಡುವೆ ಬರಹಗಾರನಿದ್ದಾನೆ. ಕೇಂಬ್ರಿಜ್‌ಶೈರಿನ ಹಳ್ಳಿಗಳನ್ನು ಅಭ್ಯಸಿಸಿದ ಮಾರ್ಗರೆಟ್ ಸ್ಪಫರ್ಡ್, ಉಯಿಲುಗಳ ಆರಂಭದ ಧಾರ್ಮಿಕ ವಾಕ್ಯಗಳು ಎಷ್ಟೋ ವೇಳೆ ಸಾಯುವವನವಲ್ಲ, ಬರೆದುಕೊಟ್ಟವನವು ಎಂಬುದನ್ನು ತೋರಿಸಿಕೊಟ್ಟರು. ಆದ್ದರಿಂದ ಒಂದು ದಾಖಲೆಯ ಕೊರತೆಯನ್ನು ಇನ್ನೊಂದು ತುಂಬುತ್ತದೆ ಎನ್ನುವುದಕ್ಕಿಂತ, ಒಂದರ ಮೌನಕ್ಕೆ ಕಾರಣವನ್ನು ಇನ್ನೊಂದು ತಿಳಿಸುತ್ತದೆ ಎನ್ನುವುದು ಹೆಚ್ಚು ಸರಿ.

1922ರ ಆಸ್ತಿ ಕಾಯಿದೆಯ ಫಲವಾಗಿ 1926ರ ಜನವರಿ 1ರಿಂದ ಇಂಗ್ಲೆಂಡಿನಲ್ಲಿ ನಕಲು ಹಿಡುವಳಿ ಇಲ್ಲವಾಯಿತು. ಆದರೂ ಹಿಂದಿನ ಹಕ್ಕುಗಳಿಗೆ ಈ ಸುರುಳಿಗಳೇ ಆಧಾರವಾಗಿದ್ದುದರಿಂದ 1924ರ ತಿದ್ದುಪಡಿ ಅವುಗಳಿಗೆ ಶಾಸನಬದ್ಧ ರಕ್ಷಣೆ ಒದಗಿಸಿತು. ಯಾರ್ಕ್‌ಶೈರಿನ ವೇಕ್‌ಫೀಲ್ಡ್ ಮ್ಯಾನರಿನಲ್ಲಿ 1274ರಿಂದ 1925ರವರೆಗಿನ ಸುರುಳಿಗಳ ದೀರ್ಘ ಸರಣಿಯೇ ಉಳಿದಿದೆ. ಒಡೆಯನ ಹಿತಕ್ಕಾಗಿ ಬರೆದಿಟ್ಟ ಲೆಕ್ಕದಲ್ಲಿ, ಬೇರೆಲ್ಲಿಯೂ ಹೆಸರು ಉಳಿಯದ ಒಕ್ಕಲುಗಳ ಸಾವು, ವಾರಸಿಕೆ, ವಿಧವೆಯರ ಹಕ್ಕು ಉಳಿದುಬಂದಿವೆ. ಉಯಿಲನ್ನು ಜೀವನಚರಿತ್ರೆಯ ಆಕರವಾಗಿ ಬಳಸುವ ಸಾಹಿತ್ಯ ಸಂಶೋಧಕರು ಅದರಲ್ಲಿ ಕಾಣದ ಹೆಸರಿನ ಬಗೆಗೆ ತೀರ್ಪು ಕೊಡುವ ಮುನ್ನ, ಆ ಭೂಮಿ ಯಾವ ಬಗೆಯ ಹಿಡುವಳಿಯದು, ಅಲ್ಲಿನ ವಾಡಿಕೆ ಏನೆಂದಿತ್ತು ಎಂಬೆರಡು ಪ್ರಶ್ನೆಗಳನ್ನು ಮೊದಲು ಕೇಳಿಕೊಳ್ಳಬೇಕು.