ನೇರ ರಸ್ತೆ ಚಿತ್ರದಲ್ಲಿ ಬಾಗಿದ್ದೇಕೆ? ಫಾರ್ವರ್ಡ್ ಮಾಡುವ ಮುನ್ನ ಓದಿ

ಫೋನಿನಲ್ಲಿ ಪನೋರಮಾ ತೆಗೆದರೆ ನೆಟ್ಟಗಿರುವ ರಸ್ತೆಯೂ ಬಿಲ್ಲಿನಂತೆ ಬಾಗುತ್ತದೆ. ಸ್ಥಳದಲ್ಲೇ ಕೂತು ಇಡೀ ಬೀದಿಯ ಸ್ಕೆಚ್ ಮಾಡುವವರ ಹಾಳೆಯಲ್ಲೂ ಹೀಗೆ ಬಾಗಿದ ಗೆರೆಗಳಿರುತ್ತವೆ. ಇಂಥ ಚಿತ್ರ ಗ್ರೂಪಿಗೆ ಬಂದರೆ ‘ಇದು ಎಡಿಟ್ ಮಾಡಿದ್ದು’ ಎನ್ನುವವರಿದ್ದಾರೆ. ‘ನೋಡಿ, ಕಟ್ಟಡ ರಸ್ತೆಗೆ ಚಾಚಿದೆ, ಇದು ಒತ್ತುವರಿ’ ಎನ್ನುವವರೂ ಇದ್ದಾರೆ. ಎರಡೂ ತಪ್ಪಾಗಿರಬಹುದು.

ಗೋಡೆ ಬಾಗುವುದೇಕೆ?

ಚಳ್ಳಕೆರೆಯ ಎಣ್ಣೆ ಗಿರಣಿಯೊಂದರ ಕಾಂಪೌಂಡ್ ಗೋಡೆಯ ಮುಂದೆ ನಿಂತಿದ್ದೀರಿ ಎಂದುಕೊಳ್ಳಿ. ಗೋಡೆಯ ಎತ್ತರ 3 ಮೀಟರ್, ನಿಮಗೂ ಅದಕ್ಕೂ 5 ಮೀಟರ್ ಅಂತರ. ಅದು ನಿಮ್ಮ ಎಡಕ್ಕೆ 12, ಬಲಕ್ಕೆ 12 ಮೀಟರ್ ಉದ್ದವಿದೆ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯದಂತೆ ಗೋಡೆಯ ಎರಡೂ ತುದಿಗಳು ನಿಮ್ಮಿಂದ 13 ಮೀಟರ್ ದೂರ. ದೂರ ಹೆಚ್ಚಿದಂತೆ ವಸ್ತು ಚಿಕ್ಕದಾಗಿ ಕಾಣುತ್ತದೆ. ಹಾಗಾಗಿ ನಡುವೆ ಕಾಣುವ ಎತ್ತರಕ್ಕಿಂತ ತುದಿಯ ಎತ್ತರ ಅರ್ಧಕ್ಕೂ ಕಡಿಮೆ.

ಅಂದರೆ ಗೋಡೆಯ ಮೇಲಂಚು ಎಡಕ್ಕೂ ಇಳಿಯಬೇಕು, ಬಲಕ್ಕೂ ಇಳಿಯಬೇಕು. ಇದನ್ನು ಎರಡು ನೇರ ಗೆರೆಗಳಲ್ಲಿ ಬರೆದರೆ ನಡುವೆ ಮೂಲೆ ಮೂಡುತ್ತದೆ. ಆದರೆ ಗೋಡೆಗೆ ಅಲ್ಲಿ ಮೂಲೆಯೇ ಇಲ್ಲ. ಹೀಗಾಗಿ ಗೆರೆ ಬಾಗಲೇಬೇಕು.

ಹಾಗಾದರೆ 0.5 ಎಕ್ಸ್ ಫೋಟೊ?

ಅದರಲ್ಲಿ ಸಾಮಾನ್ಯವಾಗಿ ಗೆರೆಗಳು ನೇರವಾಗಿಯೇ ಇರುತ್ತವೆ. ಬದಲಿಗೆ ಅಂಚಿನಲ್ಲಿ ನಿಂತವರ ಮುಖ, ಮೈ ಹಿಗ್ಗುತ್ತವೆ. ಸುತ್ತಲಿನ ನೋಟವನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ಬಾಗುವುದೋ ಹಿಗ್ಗುವುದೋ ಒಂದು ಇದ್ದೇ ಇರುತ್ತದೆ. ಗೋಳದಂಥ ಭೂಮಿಯನ್ನು ನಕ್ಷೆ ಮಾಡುವಾಗಲೂ ಇದೇ ಕಷ್ಟ.

ನೀವೇ ಬರೆದು ನೋಡಿ

ಮೊಳಕಾಲ್ಮೂರಿನ ನೇಕಾರರ ಬೀದಿಯಾಗಲಿ, ನಿಮ್ಮೂರಿನ ಬೀದಿಯಾಗಲಿ, ಒಂದು ಜಗಲಿಯ ಮೇಲೆ ಕೂತುಕೊಳ್ಳಿ.

1. ಹಾಳೆಯನ್ನು ಅಡ್ಡಲಾಗಿಟ್ಟು ಕಣ್ಣಿನ ಮಟ್ಟಕ್ಕೆ ಒಂದು ನೇರ ಗೆರೆ ಎಳೆಯಿರಿ. ಇದೊಂದು ಬಾಗುವುದಿಲ್ಲ.
2. ಕೈ ಪೂರ್ತಿ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಎಡದಿಂದ ಬಲಕ್ಕೆ ತಿರುಗುತ್ತಾ ಮುಷ್ಟಿಗಳನ್ನು ಎಣಿಸಿ. ಒಂದು ಮುಷ್ಟಿಗೆ 2 ಸೆಂಟಿಮೀಟರ್ ಲೆಕ್ಕದಲ್ಲಿ ಗುರುತು ಹಾಕಿ. ಮೇಲಿನ ಗೋಡೆಗೆ ಹದಿಮೂರೂವರೆ ಮುಷ್ಟಿ, ಅಂದರೆ 27 ಸೆಂಟಿಮೀಟರ್ ಸಾಕು.
3. ಎತ್ತರವನ್ನೂ ನಡುವೆ ಮತ್ತು ಎರಡು ತುದಿಯಲ್ಲಿ ಹೀಗೇ ಅಳೆದು ಗುರುತಿಸಿ.
4. ಗುರುತುಗಳನ್ನು ನಯವಾಗಿ ಸೇರಿಸಿ. ಸೂರಿನ ಅಂಚು ನಡುವೆ ಮೇಲಕ್ಕೆ ಉಬ್ಬುತ್ತದೆ, ಎದುರಿನ ಚರಂಡಿಯ ಅಂಚು ನಡುವೆ ಕೆಳಕ್ಕೆ ತಗ್ಗುತ್ತದೆ. ಕಂಬ, ಬಾಗಿಲುಗಳನ್ನು ನೆಟ್ಟಗೇ ಬರೆಯಿರಿ.

ಇದು ಫೋನಿನಿಂದ ಹುಟ್ಟಿದ ವಿಚಾರವೇನಲ್ಲ. 15ನೇ ಶತಮಾನದ ಫ್ರೆಂಚ್ ಕಲಾವಿದ ಜಾನ್ ಫೂಕೆ ಮೆರವಣಿಗೆಯ ಚಿತ್ರವೊಂದರಲ್ಲಿ ನೆಲಹಾಸನ್ನು ಬಾಗಿಸಿಯೇ ಬರೆದಿದ್ದಾನೆ.

ಒಟ್ಟಿನಲ್ಲಿ

ಬಾಗಿದ ಗೆರೆ ಕಂಡ ಮಾತ್ರಕ್ಕೆ ಚಿತ್ರ ನಕಲಿಯಲ್ಲ, ಕಟ್ಟಡವೂ ಮುಂದೆ ಬಂದಿಲ್ಲ. ಒತ್ತುವರಿ ತಿಳಿಯಲು ಬೇಕಿರುವುದು ಅಳತೆ ಟೇಪು ಮತ್ತು ಸರ್ವೆ ನಕ್ಷೆ. ಒಂದು ಪನೋರಮಾ ನಂಬಿ ಯಾರದೋ ಮನೆ, ಅಂಗಡಿಯ ಮೇಲೆ ಆರೋಪ ಹೊರಿಸುವ ಫಾರ್ವರ್ಡ್ ಕಳಿಸಬೇಡಿ.